ಗಂಟೆ ಲೆಕ್ಕದಲ್ಲಿ ಮಾರಾಟ, ತಿಂಗಳ ಲೆಕ್ಕದಲ್ಲಿ ಸಂಬಳ

(ಬೆಂಗಳೂರಿನ ಒಂದು ಐಟಿ ಕಚೇರಿಯ ಕನ್ನಡ ಬಳಗದಲ್ಲಿ ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫೋನ್ ಹೇಗೂ ಕೈಯಲ್ಲೇ ಇದೆ, ಕಳೆದ ತಿಂಗಳ ಪೇಸ್ಲಿಪ್ ತೆಗೆದು ನೋಡಿ. ಬೇಸಿಕ್ ಇದೆ, ಎಚ್‌ಆರ್‌ಎ ಇದೆ, ಸ್ಪೆಷಲ್ ಅಲೋವೆನ್ಸ್ ಎಂದು ಯಾರಿಗೂ ಅರ್ಥವಾಗದ ಸಾಲೊಂದಿದೆ. ಪಿಎಫ್ ಕಡಿತ, ವೃತ್ತಿ ತೆರಿಗೆಯ ಇನ್ನೂರು ರೂಪಾಯಿ ಇವೆ. ದಿನಗಳ ಲೆಕ್ಕವೂ ಇದೆ: ತಿಂಗಳಿಗೆ 30 ದಿನ, ಎಲ್‌ಒಪಿ, ಅಂದರೆ ಸಂಬಳವಿಲ್ಲದ ರಜೆ, ಸೊನ್ನೆ. ಈಗ ಗಂಟೆ ಎಲ್ಲಿದೆ ಹುಡುಕಿ. ಸಿಗುವುದಿಲ್ಲ. ಒಂದು ದಿನ ಬರದಿದ್ದರೆ ಎಷ್ಟು ಕತ್ತರಿಸಬೇಕು ಎಂದು ಈ ಕಾಗದಕ್ಕೆ ಪೈಸೆ ಸಮೇತ ಗೊತ್ತು. ರಾತ್ರಿ ಹನ್ನೊಂದರವರೆಗೆ ಕೂತಿದ್ದರೆ ಎಷ್ಟು ಸೇರಿಸಬೇಕು ಎಂದು ಮಾತ್ರ ಗೊತ್ತಿಲ್ಲ.

ನಾನು ಸಂಬಳಪಟ್ಟಿ ಮಾಡುವ ವಿಭಾಗದಲ್ಲಿ ಕೆಲಸ ಶುರು ಮಾಡಿ, ಆಮೇಲೆ ಪ್ರಾಜೆಕ್ಟ್‌ಗಳ ಲೆಕ್ಕ ನೋಡುವ ಫೈನಾನ್ಸ್ ತಂಡಕ್ಕೆ ಹೋದವಳು. ಮೊದಲ ಜಾಗದಲ್ಲಿ ಗಂಟೆ ಎಂಬುದೇ ಇರಲಿಲ್ಲ. ಎರಡನೆಯ ಜಾಗದಲ್ಲಿ ಗಂಟೆ ಬಿಟ್ಟು ಬೇರೇನೂ ಇರಲಿಲ್ಲ. ಅದೇ ಜನ, ಅದೇ ತಿಂಗಳು, ಒಂದೇ ಕಟ್ಟಡದ ಎರಡು ಮಹಡಿ. ಒಂದು ಮಹಡಿಯಲ್ಲಿ ನಿಮ್ಮನ್ನು ತಿಂಗಳ ಲೆಕ್ಕದಲ್ಲಿ ಕೊಳ್ಳುತ್ತಾರೆ, ಇನ್ನೊಂದರಲ್ಲಿ ಗಂಟೆ ಲೆಕ್ಕದಲ್ಲಿ ಮಾರುತ್ತಾರೆ. ಇವತ್ತು ನಾನು ಹೇಳಬೇಕಿರುವುದು ಈ ಎರಡು ಮಹಡಿಗಳ ನಡುವಿನ ಮೆಟ್ಟಿಲಿನ ಬಗ್ಗೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ತಿಂಗಳ ಸಂಬಳ ಎಂಬುದು ಗಂಟೆಗಳನ್ನು ಕೂಡಿ ಬಂದ ಮೊತ್ತ ಎಂದು ನಾವು ಅಂದುಕೊಂಡಿದ್ದೇವೆ. ಅದು ಹುಟ್ಟಿದ್ದೇ ಹಾಗಲ್ಲ. ನಮ್ಮ ದೇಶದಲ್ಲಿ ಕಚೇರಿ ಸಂಬಳಕ್ಕೆ ಮಾದರಿ ಹಾಕಿಕೊಟ್ಟದ್ದು ಸರ್ಕಾರಿ ನೌಕರಿ. 1922ರ ಜನವರಿಯಲ್ಲಿ ಜಾರಿಗೆ ಬಂದ ಮೂಲ ನಿಯಮಗಳು, ಅಂದರೆ ಫಂಡಮೆಂಟಲ್ ರೂಲ್ಸ್, ಇವತ್ತಿಗೂ ಕೇಂದ್ರ ಸರ್ಕಾರದಲ್ಲಿ ಚಾಲ್ತಿಯಲ್ಲಿವೆ. ಅದರ 11ನೇ ನಿಯಮದ ಸಾರ ಇಷ್ಟು: ಬೇರೆ ಏರ್ಪಾಡು ಸ್ಪಷ್ಟವಾಗಿ ಇಲ್ಲದಿದ್ದರೆ ನೌಕರನ ಇಡೀ ಸಮಯ ಸಂಬಳ ಕೊಡುವ ಸರ್ಕಾರದ ವಶದಲ್ಲಿರುತ್ತದೆ, ಅವನನ್ನು ಯಾವ ರೀತಿಯಲ್ಲಾದರೂ ದುಡಿಸಿಕೊಳ್ಳಬಹುದು, ಹೆಚ್ಚಿನ ಸಂಭಾವನೆ ಕೇಳುವಂತಿಲ್ಲ. ಬ್ರಿಟಿಷರ ಕಾಲದ ಅಧಿಕಾರಿಗೆ ಬರೆದ ಸಾಲು ಅದು. ಬಂಗಲೆ, ಜವಾನ, ಪಿಂಚಣಿ ಇದ್ದವನಿಗೆ. ಈಗ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿ. ನಿಮ್ಮ ಪೂರ್ತಿ ಸಮಯ ಮತ್ತು ಗಮನವನ್ನು ಕಂಪನಿಗೆ ಮೀಸಲಿಡತಕ್ಕದ್ದು, ಕೆಲಸದ ಅಗತ್ಯಕ್ಕೆ ತಕ್ಕಂತೆ ಹೆಚ್ಚು ಹೊತ್ತು ಕೆಲಸ ಮಾಡಬೇಕಾಗಬಹುದು ಎಂದು ಎಲ್ಲೋ ಐದನೇ ಪುಟದಲ್ಲಿ ಇದ್ದೇ ಇರುತ್ತದೆ. ಬಂಗಲೆ, ಜವಾನ, ಪಿಂಚಣಿ ದಾರಿಯಲ್ಲೆಲ್ಲೋ ಉದುರಿಹೋದವು, ಆ ಸಾಲು ಮಾತ್ರ ಉಳಿದುಕೊಂಡಿತು.

ಹಾಗಾದರೆ ಮೊತ್ತವನ್ನು ಹೇಗೆ ಗೊತ್ತುಮಾಡುತ್ತಾರೆ? 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಅದಕ್ಕೊಂದು ಸೂತ್ರ ಒಪ್ಪಿಕೊಂಡಿತು. ಕೂನೂರಿನ ಪೋಷಣಾ ಪ್ರಯೋಗಾಲಯದ ನಿರ್ದೇಶಕರಾಗಿದ್ದ ವ್ಯಾಲೇಸ್ ಅಕ್ರಾಯ್ಡ್ ಅವರ ಲೆಕ್ಕ ಅದರ ತಳಹದಿ. ದುಡಿಯುವವನು ಒಂದು ಘಟಕ, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6, ಒಟ್ಟು ಮೂರು. ಒಂದು ಘಟಕಕ್ಕೆ ದಿನಕ್ಕೆ 2700 ಕ್ಯಾಲರಿ ಆಹಾರ, ನಾಲ್ಕು ಜನರ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪ ಇತ್ಯಾದಿಗೆ ಶೇ 20. ಏಳನೇ ಕೇಂದ್ರ ವೇತನ ಆಯೋಗ ಕನಿಷ್ಠ ಮೂಲವೇತನ 18,000 ರೂಪಾಯಿ ಎಂದು ಹೇಳಿದ್ದು ಇದೇ ದಾರಿ ಹಿಡಿದು. ನಮ್ಮ ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ ಏರಿತಲ್ಲ, ಅಲ್ಲಿಯೂ ನೌಕರ ಎಷ್ಟು ಗಂಟೆ ಕೂತ ಎಂದು ಯಾರೂ ಎಣಿಸಲಿಲ್ಲ. ಹೆಂಡತಿಯನ್ನು ಹನ್ನೆರಡಾಣೆಗಿಂತ ಸ್ವಲ್ಪ ಮೇಲೆ ಇಟ್ಟಿದ್ದಾರಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ಗಮನಿಸಬೇಕಾದ್ದು, ಸಂಬಳದ ಅಸಲು ಲೆಕ್ಕ ಹೊಟ್ಟೆ ಬಟ್ಟೆಯದು. ಗಡಿಯಾರ ಅದರಲ್ಲಿ ಬರುವುದೇ ಇಲ್ಲ.

ಗಡಿಯಾರ ಬಂದದ್ದು ಕಾರ್ಖಾನೆಯಿಂದ. 1934ರ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೆ 54 ಗಂಟೆ ಇತ್ತು. ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ 1942ರಿಂದ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಬಿ.ಆರ್. ಅಂಬೇಡ್ಕರ್ ಅದನ್ನು 48ಕ್ಕೆ ಇಳಿಸುವ ಕೆಲಸ ಮಾಡಿದರು. 1946ರಲ್ಲಿ ತಿದ್ದುಪಡಿಯಾಯಿತು, 1948ರ ಕಾಯ್ದೆಯಲ್ಲಿ ಗಟ್ಟಿಯಾಯಿತು. ಅದಕ್ಕಿಂತ ಹೆಚ್ಚು ದುಡಿಸಿಕೊಂಡರೆ ಎರಡು ಪಟ್ಟು ಕೂಲಿ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವರ ಬಾಯಲ್ಲಿ ‘ಓಟಿ’, ಅಂದರೆ ಓವರ್‌ಟೈಮ್, ಎಂಬುದು ದಿನಬಳಕೆಯ ಮಾತು. ಈ ತಿಂಗಳು ಎಷ್ಟು ಗಂಟೆ ಓಟಿ ಆಯಿತು, ಎಷ್ಟು ಬಂತು ಎಂದು ಅವರಿಗೆ ಬೆರಳ ತುದಿಯಲ್ಲಿ ಗೊತ್ತು. ಅದೇ ಮನೆಯ ಮಗ ವೈಟ್‌ಫೀಲ್ಡ್‌ಗೆ ಇಂಜಿನಿಯರ್ ಆಗಿ ಹೋದರೆ ಆ ಮಾತು ಅವನ ಬಾಯಿಂದ ಹೋಗಿಬಿಡುತ್ತದೆ. ಓಟಿ ಕೇಳುವುದು ಕೂಲಿಯವರ ಗುಣ, ನಾವು ಪ್ರೊಫೆಷನಲ್ಸ್ ಅಲ್ಲವೇ.

ಈಗ ನಿಮಗೆ ಆಶ್ಚರ್ಯವಾಗುವ ಮಾತು. ‘ಐಟಿಗೆ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ’ ಎಂದು ಇಲ್ಲಿ ಕೂತಿರುವ ಮುಕ್ಕಾಲು ಜನ ನಂಬಿದ್ದೀರಿ. ತಪ್ಪು. ರಾಜ್ಯ ಸರ್ಕಾರ ಐಟಿ ಕ್ಷೇತ್ರಕ್ಕೆ ವಿನಾಯಿತಿ ಕೊಡುತ್ತ ಬಂದದ್ದು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿದ್ದು, 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ (2025ರ ನವೆಂಬರ್‌ವರೆಗೆ ಅದು ಜಾರಿಯಲ್ಲಿತ್ತು). ಅದು ಶಿಸ್ತು ಕ್ರಮ, ವಜಾ, ಸೇವಾ ಷರತ್ತುಗಳ ವಿಚಾರ. ಕೆಲಸದ ಹೊತ್ತಿನ ವಿಚಾರ ಬೇರೆ ಕಡೆ ಇದೆ: 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ. ಚಿಕ್ಕಪೇಟೆಯ ಬಟ್ಟೆ ಅಂಗಡಿಗೆ ಯಾವ ಕಾನೂನೋ, ಮಾನ್ಯತಾ ಟೆಕ್ ಪಾರ್ಕಿಗೂ ಅದೇ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓಟಿ ಸೇರಿಸಿದರೂ ದಿನಕ್ಕೆ 10 ಮೀರಬಾರದು, ಮೂರು ತಿಂಗಳಲ್ಲಿ ಓಟಿ 50 ಗಂಟೆ ಮೀರಬಾರದು. ಓಟಿಗೆ ಎರಡು ಪಟ್ಟು ವೇತನ. ಆಡಳಿತ ಸ್ಥಾನದಲ್ಲಿರುವವರು ಇದರ ವ್ಯಾಪ್ತಿಗೆ ಬರುವುದಿಲ್ಲ. ಕೈಕೆಳಗೆ ಒಬ್ಬರೂ ಇಲ್ಲದವರಿಗೂ ‘ಮ್ಯಾನೇಜರ್’ ಎಂದು ಹೆಸರಿಡುವ ನಮ್ಮ ಊರಿನ ಚಾಳಿಗೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಅನುಕೂಲವಂತೂ ಆಗಿದೆ.

ಇನ್ನು ಎರಡನೇ ಮಹಡಿಗೆ ಬರೋಣ. ನನಗೆ ಹೆಚ್ಚು ಗೊತ್ತಿರುವ ಜಾಗ ಇದು, ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಸೇವಾ ಕಂಪನಿಗಳಲ್ಲಿ ಪ್ರಾಜೆಕ್ಟ್ ಮುಖ್ಯವಾಗಿ ಎರಡು ಬಗೆ. ಒಂದು ‘ಟಿ ಅಂಡ್ ಎಂ’, ಅಂದರೆ ಟೈಮ್ ಅಂಡ್ ಮೆಟೀರಿಯಲ್: ಇಷ್ಟು ಜನ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರ್. ಇನ್ನೊಂದು ‘ಫಿಕ್ಸೆಡ್ ಪ್ರೈಸ್’: ಕೆಲಸ ಪೂರ್ತಿ ಮುಗಿಸಿಕೊಟ್ಟರೆ ಇಷ್ಟು ಹಣ. ಟಿ ಅಂಡ್ ಎಂನಲ್ಲಿ ಗ್ರಾಹಕನಿಗೆ ಬಿಲ್ ಹೋಗುವುದು ನೀವು ಶುಕ್ರವಾರ ಸಂಜೆ ಗಡಿಬಿಡಿಯಲ್ಲಿ ತುಂಬುವ ಟೈಮ್‌ಶೀಟಿನಿಂದ. ಗಂಟೆಗೆ 25 ಡಾಲರ್ ಎಂದಿಟ್ಟುಕೊಳ್ಳಿ. 22 ದಿನ, ದಿನಕ್ಕೆ ಎಂಟು ಗಂಟೆ, 176 ಗಂಟೆಗೆ 4,400 ಡಾಲರ್. ನಿಮ್ಮ ಸಂಬಳ ತೆಗೆದು ಉಳಿದದ್ದೆಲ್ಲ ಮಾಲೀಕನ ಜೇಬಿಗೆ ಎಂದು ಲೆಕ್ಕ ಹಾಕಬೇಡಿ. ಕಟ್ಟಡದ ಬಾಡಿಗೆ, ಕ್ಯಾಬ್, ಲೈಸೆನ್ಸ್, ಬೆಂಚ್ ಮೇಲಿರುವವರ, ಅಂದರೆ ಪ್ರಾಜೆಕ್ಟ್ ಇಲ್ಲದೆ ಕಾಯುತ್ತಿರುವವರ ಸಂಬಳ, ಅಮೆರಿಕದಲ್ಲಿ ಕೂತು ಆರ್ಡರ್ ತರುವವರ ಖರ್ಚು, ಎಲ್ಲ ಅದರಲ್ಲೇ. ದೊಡ್ಡ ಕಂಪನಿಗಳ ನಿರ್ವಹಣಾ ಲಾಭ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದರ ಆಸುಪಾಸು. ಕಡಿಮೆಯೇನಲ್ಲ, ಆದರೆ ಕ್ಯಾಂಟೀನಿನಲ್ಲಿ ನೀವು ಮಾತಾಡಿಕೊಳ್ಳುವಷ್ಟೂ ಅಲ್ಲ.

ನನ್ನನ್ನು ಕಾಡಿದ ವಿಷಯ ಬೇರೆ. ಟೈಮ್‌ಶೀಟಿನಲ್ಲಿ ಎಂಟೇ ಗಂಟೆ. ಯಾವ ವಾರ ನೋಡಿದರೂ ಎಂಟು, ಎಂಟು, ಎಂಟು, ಎಂಟು, ಎಂಟು. ಮಧ್ಯರಾತ್ರಿ ರಿಲೀಸ್ ಇದ್ದ ವಾರವೂ ಎಂಟು. ಸರ್ವರ್ ಬಿದ್ದು ಭಾನುವಾರ ಇಡೀ ತಂಡ ಕೂತಿದ್ದ ವಾರವೂ ನಲವತ್ತೇ. ಏಕೆಂದರೆ ಗ್ರಾಹಕನ ಪರ್ಚೇಸ್ ಆರ್ಡರಿನಲ್ಲಿ ಮಿತಿ ಇದೆ. ಎಂಟಕ್ಕಿಂತ ಹೆಚ್ಚು ತುಂಬಿದರೆ ಸಿಸ್ಟಂ ಕೆಂಪು ಬಣ್ಣ ತೋರಿಸುತ್ತದೆ, ಇಲ್ಲವೇ ಮ್ಯಾನೇಜರ್ ಅನುಮತಿ ಕೇಳುತ್ತದೆ. ಫಿಕ್ಸೆಡ್ ಪ್ರೈಸ್ ಪ್ರಾಜೆಕ್ಟಿನಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಅಲ್ಲಿ ಹೆಚ್ಚು ಗಂಟೆ ಬರೆದರೆ ಅಂದಾಜು ಮೀರಿತು, ಮಾರ್ಜಿನ್ ಇಳಿಯಿತು ಎಂದು ನಮ್ಮ ತಂಡದ ವರದಿಯಲ್ಲಿ ಕಾಣುತ್ತದೆ. ಆ ವರದಿ ಮ್ಯಾನೇಜರಿಗೆ ಬೇಡ. ‘ಎಕ್ಸ್‌ಟ್ರಾ ಎಫರ್ಟ್ ಬುಕ್ ಮಾಡ್ಬೇಡಪ್ಪ, ನೋಡ್ಕೊಳ್ಳೋಣ’ ಎಂದು ಮೆಲ್ಲಗೆ ಹೇಳುತ್ತಾರೆ. ಮೇಲ್‌ನಲ್ಲಿ ಬರೆಯುವುದಿಲ್ಲ, ಮೇಜಿನ ಹತ್ತಿರ ಬಂದೇ ಹೇಳುತ್ತಾರೆ.

ಅಲ್ಲಿಗೆ ಏನಾಯಿತು ನೋಡಿ. ಹೆಚ್ಚಿನ ಗಂಟೆಗೆ ಗ್ರಾಹಕ ಹಣ ಕೊಡಲಿಲ್ಲ, ಕಂಪನಿ ನಿಮಗೆ ಕೊಡಲಿಲ್ಲ, ದಾಖಲೆಯಲ್ಲೂ ಉಳಿಯಲಿಲ್ಲ. ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಮುಂದಿನ ವರ್ಷ ಅಂಥದ್ದೇ ಇನ್ನೊಂದು ಪ್ರಾಜೆಕ್ಟ್ ಬಂದಾಗ, ಬೆಲೆ ಹೇಳುವವರು ಹಳೆಯ ಟೈಮ್‌ಶೀಟ್ ತೆಗೆಯುತ್ತಾರೆ. 600 ಗಂಟೆ ಹಿಡಿದ ಕೆಲಸ ಅಲ್ಲಿ 400 ಎಂದು ಕಾಣುತ್ತದೆ. ಪೈಪೋಟಿ ಇದೆ, ಇನ್ನು 40 ಇಳಿಸಿ 360ಕ್ಕೆ ಒಪ್ಪಿಕೊಳ್ಳುತ್ತಾರೆ. ಹೊಸ ತಂಡ ಮೊದಲ ದಿನದಿಂದಲೇ 240 ಗಂಟೆ ಸಾಲದಲ್ಲಿ ಹುಟ್ಟುತ್ತದೆ. ಆ ತಂಡವೂ ಎಂಟೆಂಟೇ ತುಂಬುತ್ತದೆ. ಮ್ಯಾನೇಜರುಗಳು ದುಷ್ಟರು ಎಂದು ನಾನು ಹೇಳುತ್ತಿಲ್ಲ. ಹಳೆಯ ಅಂಕಿ ಸುಳ್ಳು ಎಂದು ಅವರಿಗೂ ಗೊತ್ತು. ನಿಜದ ಅಂಕಿ ಅವರ ಬಳಿಯೂ ಇಲ್ಲ. ಕೆಲಸ ಏಕೆ ಯಾವಾಗಲೂ ಗಂಟೆಗಿಂತ ಜಾಸ್ತಿ ಇರುತ್ತದೆ ಎಂದು ಕೇಳುತ್ತೀರಲ್ಲ, ನನ್ನ ಅನುಭವದಲ್ಲಿ ಅದಕ್ಕೆ ದೊಡ್ಡ ಕಾರಣ ಸೋಮಾರಿತನವೂ ಅಲ್ಲ, ದುರಾಸೆಯೂ ಅಲ್ಲ. ಶುಕ್ರವಾರ ಸಂಜೆ ನಾವೇ ತುಂಬುವ ಆ ಎಂಟು.

ತಿಂಗಳ ಸಂಬಳ ಎಂದರೆ ಫುಲ್ ಮೀಲ್ಸ್ ಟೋಕನ್. ದುಡ್ಡು ಕೊಟ್ಟವನು ಅನ್ನ ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು. ಹೋಟೆಲಿನವನಿಗೆ ಒಂದು ಸಮಾಧಾನ ಇದೆ, ತಿನ್ನುವವನ ಹೊಟ್ಟೆಗೆ ಮಿತಿ ಇದೆ. ಪ್ರಾಜೆಕ್ಟಿಗೆ ಹೊಟ್ಟೆ ಇಲ್ಲ.

ಈಗ ಇನ್ನೊಂದು ಪಕ್ಷದ ಮಾತೂ ಹೇಳಬೇಕು, ಇಲ್ಲದಿದ್ದರೆ ಈ ಭಾಷಣ ಚಪ್ಪಾಳೆಗೆ ಮಾಡಿದಂತಾಗುತ್ತದೆ. ತಿಂಗಳ ಸಂಬಳದಲ್ಲಿ ನೌಕರನಿಗೂ ಲಾಭ ಇದೆ. ಕೆಲಸ ಇಲ್ಲದ ದಿನಕ್ಕೂ ಸಂಬಳ ಬರುತ್ತದೆ. ಪ್ರಾಜೆಕ್ಟ್ ಮುಗಿದು ಬೆಂಚ್ ಮೇಲೆ ಕೂತವನಿಗೆ ಸೊನ್ನೆ ಗಂಟೆಗೆ ಪೂರ್ತಿ ಸಂಬಳ. ಜ್ವರ ಬಂದರೆ, ಮದುವೆಗೆ ಹೋದರೆ, ಹೊಸ ತಂತ್ರಜ್ಞಾನ ಕಲಿಯುತ್ತಿದ್ದರೆ, ಮಧ್ಯಾಹ್ನ ಎರಡೂವರೆಗೆ ಟೀ ಕುಡಿಯಲು ಹೋಗಿ ಮೂರೂಕಾಲಿಗೆ ಬಂದರೂ ಸಂಬಳ. ದಿನಗೂಲಿಯವರಿಗೆ, ಸ್ವಿಗ್ಗಿ ಜೊಮಾಟೊ ಹುಡುಗರಿಗೆ ಈ ಸುಖ ಇಲ್ಲ. ಅಂದರೆ ಸಂಬಳದೊಳಗೆ ಒಂದು ಭಾಗ ದುಡಿಮೆಯ ಬೆಲೆ, ಇನ್ನೊಂದು ಭಾಗ ವಿಮೆ. ಹೆಚ್ಚು ಹೊತ್ತು ದುಡಿಯುವುದು ಆ ವಿಮೆಗೆ ಕಟ್ಟುವ ಕಂತು ಎಂದು ಕಂಪನಿಯವರು ವಾದಿಸಿದರೆ, ನಾನು ಅದನ್ನು ತಳ್ಳಿಹಾಕುವುದಿಲ್ಲ.

ಆದರೆ ವಿಮೆ ಎಂದ ಮೇಲೆ ಕಷ್ಟ ಬಂದಾಗ ಅದು ಕೈಗೆ ಸಿಗಬೇಕು. 2025ರ ಜೂನ್‌ನಲ್ಲಿ ಟಿಸಿಎಸ್ ತನ್ನ ನೌಕರರಿಗೆ ವರ್ಷದಲ್ಲಿ ಕನಿಷ್ಠ 225 ದಿನ ಬಿಲ್ ಆಗುವ ಕೆಲಸದಲ್ಲಿರಬೇಕು, ಬೆಂಚ್ 35 ದಿನ ಮೀರಬಾರದು ಎಂದು ನಿಯಮ ಮಾಡಿತು. ಮರು ತಿಂಗಳೇ ಒಟ್ಟು ನೌಕರರ ಶೇ 2ರಷ್ಟು, ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ವ್ಯಾಪಾರದ ದೃಷ್ಟಿಯಿಂದ ಅವರಿಗೆ ಅವರ ಕಾರಣಗಳಿರುತ್ತವೆ. ಆದರೆ ಬೆಂಚಿನ ದಿನಗಳನ್ನು ಎಣಿಸಿ ಮಿತಿ ಹಾಕುವುದಾದರೆ, ರಾತ್ರಿಯ ಗಂಟೆಗಳನ್ನೂ ಎಣಿಸಿ ಮಿತಿ ಹಾಕಬೇಕಾಗುತ್ತದೆ. ಖಾಲಿ ಕೂತದ್ದನ್ನು ಮಾತ್ರ ಎಣಿಸುವುದು ಯಾವ ಲೆಕ್ಕಶಾಸ್ತ್ರ?

ಸರಿ, ಸ್ವಲ್ಪ ಭಾಗಾಕಾರ ಮಾಡೋಣ. ದೊಡ್ಡ ಸೇವಾ ಕಂಪನಿಗಳಲ್ಲಿ ಹೊಸಬರ ಪ್ಯಾಕೇಜ್ ಹತ್ತು ಹನ್ನೆರಡು ವರ್ಷದಿಂದ ಮೂರು ಮೂರೂವರೆ ಲಕ್ಷದ ಆಚೀಚೆಯೇ ನಿಂತಿರುವುದು ನಿಮಗೆಲ್ಲ ಗೊತ್ತು. ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿಯ ವರ್ಷದ ಒಟ್ಟು ಖರ್ಚು, 3.6 ಲಕ್ಷ ಎಂದರೆ ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ, ವೇರಿಯಬಲ್ ಎಲ್ಲ ಕಳೆದು ಕೈಗೆ ಬರುವುದು 25,000 ಎಂದಿಟ್ಟುಕೊಳ್ಳೋಣ. ವಾರಕ್ಕೆ 45 ಗಂಟೆ ದುಡಿದರೆ ತಿಂಗಳಿಗೆ 195 ಗಂಟೆ. ಗಂಟೆಗೆ 128 ರೂಪಾಯಿ ಬಿತ್ತು. ವಾರಕ್ಕೆ 60 ಗಂಟೆ ಆದರೆ ತಿಂಗಳಿಗೆ 260 ಗಂಟೆ, 96 ರೂಪಾಯಿ. ದಿನಕ್ಕೆ ಎರಡು ಗಂಟೆ ಔಟರ್ ರಿಂಗ್ ರೋಡಿನಲ್ಲಿ ಕಳೆದದ್ದನ್ನೂ ಸೇರಿಸಿದರೆ, ಸೇರಿಸಲೇಬೇಕು ಎನ್ನುವವಳು ನಾನು, 82 ರೂಪಾಯಿ. ಸಂಬಳ ಒಂದು ಪೈಸೆ ಕಡಿಮೆಯಾಗಲಿಲ್ಲ, ಆದರೆ ಗಂಟೆಯ ಲೆಕ್ಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯಿತು. ಅಪ್ರೈಸಲ್‌ನಲ್ಲಿ ಶೇ 8 ಬಂತು ಎಂದು ಪಾರ್ಟಿ ಕೊಡುವ ಮೊದಲು, ಆ ವರ್ಷ ನಿಮ್ಮ ಗಂಟೆ ಶೇ 8ಕ್ಕಿಂತ ಹೆಚ್ಚು ಬೆಳೆದಿಲ್ಲ ತಾನೇ ಎಂದು ನೋಡಿಕೊಳ್ಳಿ.

ವಾರಕ್ಕೆ 60 ಗಂಟೆ ದುಡಿದ ಇದೇ ಹೊಸಬನಿಗೆ ಅಂಗಡಿ ಕಾಯ್ದೆಯ ಪ್ರಕಾರ ಓಟಿ ಕೊಟ್ಟಿದ್ದರೆ? ಸುಲಭಕ್ಕಾಗಿ ಅದೇ 25,000 ಹಿಡಿಯೋಣ. ವಾರಕ್ಕೆ 48 ಗಂಟೆ ಎಂದರೆ ತಿಂಗಳಿಗೆ 208 ಗಂಟೆ, ಗಂಟೆಗೆ 120, ಎರಡು ಪಟ್ಟು 240. ಹೆಚ್ಚಿನ 52 ಗಂಟೆಗೆ ಸುಮಾರು 12,500 ರೂಪಾಯಿ, ಸಂಬಳದ ಅರ್ಧ. ಜೊತೆಗೆ ಮೂರು ತಿಂಗಳಿಗೆ ಎಂದು ಕಾನೂನು ಹಾಕಿದ 50 ಗಂಟೆಯ ಮಿತಿ ಒಂದೇ ತಿಂಗಳಲ್ಲಿ ದಾಟಿಹೋಯಿತು. 2024ರ ಜುಲೈನಲ್ಲಿ ದಿನದ ಕೆಲಸವನ್ನು ಓಟಿ ಸೇರಿ 14 ಗಂಟೆಗೆ ಏರಿಸುವ ಪ್ರಸ್ತಾವ ನಮ್ಮ ರಾಜ್ಯದಲ್ಲಿ ಬಂದು, ಐಟಿ ನೌಕರರ ಸಂಘ ಬೀದಿಗಿಳಿದದ್ದು ನೆನಪಿರಬಹುದು. 2025ರ ಜೂನ್‌ನಲ್ಲಿ ಇನ್ನೊಂದು ಪ್ರಸ್ತಾವ ಚರ್ಚೆಗೆ ಬಂತು: ದಿನಕ್ಕೆ 10, ಓಟಿ ಸೇರಿ 12, ಮೂರು ತಿಂಗಳ ಓಟಿ ಮಿತಿ 50ರಿಂದ 144. ಎಲ್ಲರೂ 12ರ ಮೇಲೆ ಜಗಳವಾಡಿದರು. ನನ್ನ ಕಣ್ಣು ಹೋದದ್ದು 144ರ ಮೇಲೆ. ಈಗಿನ ಐವತ್ತಕ್ಕೇ ದುಡ್ಡು ಕೊಟ್ಟವರನ್ನು ಸಂಬಳಪಟ್ಟಿ ಮಾಡುತ್ತಿದ್ದ ನಾನು ನೋಡಿಲ್ಲ.

ವಾರಕ್ಕೆ 70 ಗಂಟೆ ಎಂದು ಇನ್ಫೊಸಿಸ್ ಸ್ಥಾಪಕ ಎನ್.ಆರ್. ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದರು. 90 ಎಂದು ಎಲ್ ಅಂಡ್ ಟಿಯ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತು 2025ರ ಜನವರಿಯಲ್ಲಿ ಹರಿದಾಡಿತು. ಅವರನ್ನು ಬೈದು ಮುಗಿಸಬಹುದು, ಬೈದದ್ದೂ ಆಗಿದೆ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೊಂದು ವರದಿ: 2025ರಲ್ಲಿ ಇನ್ಫೊಸಿಸ್, ಮನೆಯಿಂದ ಕೆಲಸ ಮಾಡುತ್ತ ದಿನಕ್ಕೆ 9 ಗಂಟೆ 15 ನಿಮಿಷ ಮೀರುತ್ತಿರುವವರಿಗೆ ‘ಆರೋಗ್ಯ ನೋಡಿಕೊಳ್ಳಿ, ಇಷ್ಟು ಹೊತ್ತು ಬೇಡ’ ಎಂದು ಮೇಲ್ ಕಳಿಸುತ್ತಿದೆ ಎಂದು ಪತ್ರಿಕೆಗಳು ಬರೆದವು. ಸ್ಥಾಪಕರ ಮಾತಿಗೂ ಸಂಸ್ಥೆಯ ಮೇಲ್‌ಗೂ ಇರುವ ಅಂತರ ನಗು ತರಿಸುತ್ತದೆ, ಇರಲಿ. ಅದರಲ್ಲಿ ಅಡಗಿರುವ ಸುದ್ದಿ ಯಾವುದು ಗೊತ್ತೇ? ಗಂಟೆಯನ್ನು ಅವರು ಅಳೆಯಬಲ್ಲರು! ಸ್ವೈಪ್ ಇದೆ, ವಿಪಿಎನ್ ಲಾಗ್ ಇದೆ, ಟೀಮ್ಸ್‌ನಲ್ಲಿ ನೀವು ಆನ್‌ಲೈನ್ ಇದ್ದೀರಿ ಎಂದು ತೋರಿಸುವ ಹಸಿರು ಚುಕ್ಕೆ ಇದೆ. ವಾರಕ್ಕೆ ಮೂರು ದಿನ ಕಚೇರಿಗೆ ಬಂದಿರೋ ಇಲ್ಲವೋ ಎಂದು ನಿಮಿಷ ಸಮೇತ ಹೇಳುವ ಯಂತ್ರ, ಸಂಬಳದ ಹೊತ್ತಿಗೆ ಮಾತ್ರ ಕುರುಡಾಗುತ್ತದೆ.

ಹೆಚ್ಚು ಗಂಟೆ ಎಂದರೆ ಹೆಚ್ಚು ಕೆಲಸ ಎಂಬುದಕ್ಕೂ ಆಧಾರ ತೆಳು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿದವರ ಗಂಟೆ ಮತ್ತು ಉತ್ಪಾದನೆಯ ದಾಖಲೆಗಳನ್ನು ಸರ್ಕಾರದ ಸಮಿತಿಯೊಂದು ಇಟ್ಟಿತ್ತು. ಸುಮಾರು ನೂರು ವರ್ಷದ ನಂತರ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ ಅವನ್ನು ಮತ್ತೆ ತೆಗೆದು ನೋಡಿದರು. ವಾರಕ್ಕೆ 49 ಗಂಟೆಯವರೆಗೆ ಗಂಟೆಗೆ ತಕ್ಕ ಉತ್ಪಾದನೆ; ಅದರಾಚೆ ಏರಿಕೆ ನಿಧಾನವಾಗುತ್ತ ಹೋಗಿ, 70 ಗಂಟೆ ದುಡಿದವರ ಉತ್ಪಾದನೆ 56 ಗಂಟೆಯವರದಕ್ಕಿಂತ ಹೆಚ್ಚೇನೂ ಇರಲಿಲ್ಲ. ಕೊನೆಯ 14 ಗಂಟೆ ನೀರಿಗೆ ಹೋಯಿತು. ಅದು ಕೈಕೆಲಸ, ಎಣಿಸಬಹುದಾದ ಕೆಲಸ. ಕೋಡ್ ಬರೆಯುವವರಿಗೆ, ಲೆಕ್ಕ ತಪಾಸಣೆ ಮಾಡುವವರಿಗೆ ಕೊನೆಯ ಗಂಟೆಗಳು ಸೊನ್ನೆಯೂ ಅಲ್ಲ, ಋಣ. ರಾತ್ರಿ ಹನ್ನೆರಡಕ್ಕೆ ಹಾಕಿದ ಬಗ್ ಹುಡುಕಲು ಮರುದಿನ ಇಡೀ ಬೆಳಗು ಬೇಕು.

ಈಗ ಹೆಂಡತಿಯ ಆ 0.8ಕ್ಕೆ ಬರುತ್ತೇನೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಕೆಲವು ಕೆಲಸಗಳನ್ನು ‘ದುರಾಸೆಯ ಕೆಲಸ’ ಎನ್ನುತ್ತಾರೆ. ವಕೀಲಿಕೆ, ಕನ್ಸಲ್ಟಿಂಗ್, ಹಣಕಾಸು ಇಂಥ ಕಡೆ ಎರಡು ಪಟ್ಟು ಹೊತ್ತು ಕೊಡುವವರಿಗೆ ಎರಡು ಪಟ್ಟಿಗಿಂತ ಹೆಚ್ಚು ಹಣ. ಯಾವಾಗ ಕರೆದರೂ ಸಿಗುವವರಿಗೆ ಬಹುಮಾನ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಅಂಥ ಕೆಲಸ ಹಿಡಿದರೆ ಇನ್ನೊಬ್ಬರು ಮನೆಗೆ ಸಿಗಬೇಕಾಗುತ್ತದೆ. ಆ ಇನ್ನೊಬ್ಬರು ಯಾರು ಎಂದು ಹೇಳಬೇಕಿಲ್ಲ. ಅಮೆರಿಕದ ಫಾರ್ಮಸಿಸ್ಟರ ವಿಷಯದಲ್ಲಿ ಅವರು ಇದರ ತದ್ವಿರುದ್ಧ ಕಂಡರು. ದೊಡ್ಡ ಸರಣಿ ಅಂಗಡಿಗಳು ಬಂದು, ರೋಗಿಯ ದಾಖಲೆ ಕಂಪ್ಯೂಟರಿಗೆ ಹೋದ ಮೇಲೆ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಸಲೀಸಾಗಿ ನಿಲ್ಲುವಂತಾಯಿತು. ಅರ್ಧ ದಿನ ದುಡಿದವರಿಗೂ ಪೂರ್ತಿ ದಿನದವರಿಗೂ ಗಂಟೆಯ ದರ ಹೆಚ್ಚುಕಡಿಮೆ ಒಂದೇ ಆಯಿತು, ಗಂಡು ಹೆಣ್ಣಿನ ಸಂಬಳದ ಅಂತರವೂ ಕುಗ್ಗಿತು.

ಇದನ್ನು ಓದಿದಾಗ ನನಗೆ ನಮ್ಮ ಕಚೇರಿಗಳದ್ದೇ ಯೋಚನೆ. ಗ್ರಾಹಕನಿಗೆ ಕೊಡುವ ಒಪ್ಪಂದದಲ್ಲಿ ನಮ್ಮನ್ನು ‘ರಿಸೋರ್ಸ್’ ಎನ್ನುತ್ತಾರೆ, ಒಬ್ಬರು ಹೋದರೆ ಎರಡು ವಾರದಲ್ಲಿ ಇನ್ನೊಬ್ಬರನ್ನು ಕೊಡುತ್ತೇವೆ ಎಂದು ಬರೆದುಕೊಡುತ್ತಾರೆ. ಹಾಗಿದ್ದರೆ ಫಾರ್ಮಸಿಸ್ಟರ ಹಾಗೆ ಹೊತ್ತು ಹಂಚಿಕೊಳ್ಳಬಹುದಲ್ಲ? ಒಳಗೆ ಬಂದರೆ ಮಾತು ಬೇರೆ. ರಾತ್ರಿಯ ಕಾಲ್‌ನಲ್ಲಿ ನೀವೇ ಇರಬೇಕು. ನವೆಂಬರ್‌ನಲ್ಲಿ ಅಮೆರಿಕದವರು ಗಡಿಯಾರ ಹಿಂದಿಟ್ಟರೆ ಇಲ್ಲಿ ಎಂಟೂವರೆಯ ಕಾಲ್ ಒಂಬತ್ತೂವರೆಗೆ ಹೋಗುತ್ತದೆ, ಮಗು ಮಲಗಿಸುವ ಹೊತ್ತಿಗೆ ಸರಿಯಾಗಿ. 2024ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. ಒಂಬತ್ತೂವರೆಯ ಕಾಲ್‌ಗೆ ಬಾರದವರ ಹೆಸರು ಅಪ್ರೈಸಲ್ ಸಭೆಯಲ್ಲಿ ಹೇಗೆ ಕೇಳಿಬರುತ್ತದೆ ಎಂದು ಇಲ್ಲಿರುವ ಹೆಣ್ಣುಮಕ್ಕಳಿಗೆ ನಾನು ಹೇಳಿಕೊಡಬೇಕಿಲ್ಲ. ನಮ್ಮದು ಇನ್ನೂ ಒಂದು ಕೈ ಮೇಲೆ: ಗೋಲ್ಡಿನ್ ಹೇಳುವ ಕೆಲಸಗಳು ದುರಾಸೆಗೆ ತಕ್ಕ ಹಣವನ್ನಾದರೂ ಕೊಡುತ್ತವೆ.

ಪರಿಹಾರ ಏನು ಎಂದು ಕೇಳುತ್ತೀರಿ. ಎಲ್ಲರಿಗೂ ಓಟಿ ಕೊಡಿ ಎಂದು ನಾನು ಶುರು ಮಾಡುವುದಿಲ್ಲ. ಅದಕ್ಕೆ ಮೊದಲು ಗಂಟೆ ಬರೆಯಿರಿ ಎನ್ನುತ್ತೇನೆ. 2019ರ ಮೇ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಸ್ಪೇನಿನ ಕಾರ್ಮಿಕ ಸಂಘಟನೆಯೊಂದು ಡಾಯ್ಚ ಬ್ಯಾಂಕಿನ ಅಲ್ಲಿನ ಶಾಖಾ ಸಂಸ್ಥೆಯ ಮೇಲೆ ಹೂಡಿದ ದಾವೆ. ಬ್ಯಾಂಕಿನ ತಂತ್ರಾಂಶದಲ್ಲಿ ಇಡೀ ದಿನದ ರಜೆ ಮಾತ್ರ ದಾಖಲಾಗುತ್ತಿತ್ತು, ಗಂಟೆ ಅಲ್ಲ. ಥೇಟ್ ನಿಮ್ಮ ಪೇಸ್ಲಿಪ್. ದಿನದಿನದ ಕೆಲಸದ ಹೊತ್ತನ್ನು ಅಳೆಯುವ, ನಂಬಬಹುದಾದ ವ್ಯವಸ್ಥೆ ಇಲ್ಲದಿದ್ದರೆ ನೌಕರನ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ, ಆದ್ದರಿಂದ ಅಂಥ ವ್ಯವಸ್ಥೆ ಮಾಡುವಂತೆ ಮಾಲೀಕರನ್ನು ಸದಸ್ಯ ದೇಶಗಳು ಕಡ್ಡಾಯಪಡಿಸಬೇಕು ಎಂದಿತು ನ್ಯಾಯಾಲಯ. ಅಮೆರಿಕದಲ್ಲಿ ದಾರಿ ಬೇರೆ. 1938ರ ಕಾನೂನಿನಲ್ಲಿ ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು, ಆದರೆ ‘ಎಕ್ಸೆಂಪ್ಟ್’, ಅಂದರೆ ವಿನಾಯಿತಿ, ಎಂಬ ಬಾಗಿಲು ತೆರೆದೇ ಇದೆ, ಗಂಟೆಗೆ 27.63 ಡಾಲರ್ ದಾಟಿದ ಕಂಪ್ಯೂಟರ್ ವೃತ್ತಿಯವರೂ ಅದರಲ್ಲಿ ಹೊರಗೆ ಹೋಗುತ್ತಾರೆ. ನ್ಯೂಜೆರ್ಸಿಯಲ್ಲಿರುವ ನಿಮ್ಮ ಅಣ್ಣಂದಿರು ಅಕ್ಕಂದಿರು ಓಟಿ ಕಾಣದಿರುವುದಕ್ಕೆ ಅದು ಕಾರಣ. ಎರಡರಲ್ಲಿ ನನಗೆ ಹಿಡಿಸುವುದು ಯುರೋಪಿನ ದಾರಿ. ಗಂಟೆ ದಾಖಲಾದರೆ ಅಂದಾಜು ಸರಿಹೋಗುತ್ತದೆ, ಗ್ರಾಹಕನಿಗೆ ಸರಿಯಾದ ಬೆಲೆ ಹೇಳಬಹುದು. ನೌಕರರಿಗಿಂತ ಹೆಚ್ಚು ಅನುಕೂಲ ಕಂಪನಿಗೇ ಆಗುತ್ತದೆ ಎಂದು ನನ್ನ ಅಭಿಪ್ರಾಯ. ಫೈನಾನ್ಸ್ ತಂಡದಲ್ಲಿ ಇದನ್ನು ಹೇಳಿ ನಾನು ಯಾರ ಮೆಚ್ಚುಗೆಯನ್ನೂ ಗಳಿಸಲಿಲ್ಲ, ಅದು ಬೇರೆ ಮಾತು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ಹುಡುಗ ಕೇಳಿದ: ‘ಮೇಡಂ, ನಾನು ಎಂಟು ಗಂಟೆಯ ಕೆಲಸವನ್ನು ನಾಲ್ಕರಲ್ಲಿ ಮುಗಿಸ್ತೀನಿ. ಈಗ ಎಐ ಬೇರೆ ಬಂದಿದೆ. ಗಂಟೆ ಲೆಕ್ಕ ಬಂದರೆ ನನಗೇ ನಷ್ಟ ಅಲ್ವಾ?’

ಒಳ್ಳೆಯ ಪ್ರಶ್ನೆ. ನಷ್ಟ ಈಗಲೇ ಆಗುತ್ತಿದೆ ಕಣಪ್ಪ. ನಾಲ್ಕರಲ್ಲಿ ಮುಗಿಸಿದ್ದು ಗೊತ್ತಾದರೆ ಪಕ್ಕದವನ ಕೆಲಸ ನಿನಗೆ ಬರುತ್ತದೆ, ಸಂಬಳ ಬರುವುದಿಲ್ಲ. ಗೊತ್ತಾಗದಂತೆ ಇದ್ದರೆ ಉಳಿದ ನಾಲ್ಕು ಗಂಟೆ ಹಸಿರು ಚುಕ್ಕೆ ಕಾಯಬೇಕು. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್, ಕೀಬೋರ್ಡ್ ಒತ್ತಿದಂತೆ ತೋರಿಸುವ ತಂತ್ರ ಬಳಸಿದರೆಂದು ಹನ್ನೆರಡಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿತು. ಗಂಟೆ ಬರೆಯಬೇಕು ಎಂದರೆ ಗಂಟೆಗೆ ತಕ್ಕಂತೆ ಸಂಬಳ ಇಳಿಸಬೇಕು ಎಂದಲ್ಲ. ಸಂಬಳ ತಿಂಗಳದ್ದೇ ಇರಲಿ. ಅದಕ್ಕೆ ಮೇಲಿನ ಮಿತಿಯೊಂದು ಇರಲಿ. ಆ ಮಿತಿಯೊಳಗೆ ನಾಲ್ಕರಲ್ಲಿ ಮುಗಿಸಿದರೆ ಉಳಿದ ನಾಲ್ಕು ನಿನ್ನ ಜಾಣತನಕ್ಕೆ ಸಿಕ್ಕ ಸಂಬಳ. ಎಐ ವಿಚಾರಕ್ಕೆ ಬಂದರೆ, ಗ್ರಾಹಕರು ಆಗಲೇ ಗಂಟೆ ಲೆಕ್ಕ ಬಿಟ್ಟು ಫಲಿತಾಂಶಕ್ಕೆ ದುಡ್ಡು ಕೊಡುತ್ತೇವೆ ಎನ್ನುತ್ತಿದ್ದಾರೆ. ಹಾಗಾದರೆ ಮಾರುವುದೂ ಗಂಟೆಯಲ್ಲಿ ಇರುವುದಿಲ್ಲ, ಉಳಿದ ಗಂಟೆಗಳ ಲಾಭ ಯಾರಿಗೆ ಎಂಬ ಚೌಕಾಸಿ ಆಗ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ನಿನ್ನ ಕೈಯಲ್ಲಿ ನಿನ್ನದೇ ಅಂಕಿ ಇರಬೇಕು.

ಹಿಂದಿನ ಸಾಲಿನಿಂದ ಒಬ್ಬರು: ‘ನಾನು ಕಂಪನಿ ಬದಲಾಯಿಸ್ತಾ ಇದ್ದೀನಿ ಮೇಡಂ. ಆಫರ್ ಬಂದಿದೆ. ಓಟಿ ಕೇಳಿದರೆ ಆಫರ್ ವಾಪಸ್ ತಗೋತಾರೆ. ಏನು ಕೇಳಬಹುದು?’

ಓಟಿ ಎಂಬ ಪದ ಬಿಡಿ. ಮೂರು ಕೇಳಿ. ವಾರದ ಕೆಲಸದ ಗಂಟೆ ಎಷ್ಟು ಎಂದು ಲೆಟರಿನಲ್ಲಿ ಅಂಕಿಯಲ್ಲಿ ಬರೆದಿದೆಯೇ. ರಾತ್ರಿ ಕಾಲ್ ಇದ್ದರೆ ಶಿಫ್ಟ್ ಅಲೋವೆನ್ಸ್ ಎಷ್ಟು ಗಂಟೆಯಿಂದ ಶುರು, ಏಕೆಂದರೆ ಹಲವು ಕಡೆ ಅದು ಇಡೀ ರಾತ್ರಿ ಪಾಳಿಗೆ ಮಾತ್ರ, ಹತ್ತೂವರೆಗೆ ಮುಗಿಯುವ ಕಾಲ್‌ಗೆ ಇಲ್ಲ. ರಜಾದಿನ ದುಡಿದದ್ದಕ್ಕೆ ಬದಲಿಯಾಗಿ ಸಿಗುವ ರಜೆ, ಕಾಂಪ್ ಆಫ್, ಎಷ್ಟು ದಿನದಲ್ಲಿ ಲ್ಯಾಪ್ಸ್ ಆಗುತ್ತದೆ. ಮೂರಕ್ಕೂ ಎಚ್‌ಆರ್ ಮೇಲ್‌ನಲ್ಲಿ ಉತ್ತರ ಕೊಡುತ್ತಾರೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆಮೇಲೆ ಆ ಕಂಪನಿಯಲ್ಲಿ ಈಗ ಕೆಲಸ ಮಾಡುತ್ತಿರುವ ಯಾರನ್ನಾದರೂ ಹಿಡಿದು, ಮಂಗಳವಾರ ಎಷ್ಟು ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿದಿರಿ ಎಂದು ಕೇಳಿ. ಸಾಮಾನ್ಯವಾಗಿ ಎಷ್ಟು ಹೊತ್ತು ಎಂದು ಕೇಳಬೇಡಿ, ಅದಕ್ಕೆ ಎಲ್ಲರೂ ಎಂಟು ಎಂದೇ ಹೇಳುತ್ತಾರೆ.